ಪರಿಹಾರದ ಹಣ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ? ಮಲೆನಾಡಿನ ರೈತರು ಈಗಲೇ ಮಾಡಿಕೊಳ್ಳಬೇಕಾದ ಕಾಗದದ ಕೆಲಸ

2020ರ ಏಪ್ರಿಲ್‌ನಲ್ಲಿ ನಮ್ಮ ತೋಟದ ಬಾಳೆಗೊನೆಗಳು ಗಿಡದಲ್ಲೇ ಹಣ್ಣಾದವು. ಸಂತೆ ಇಲ್ಲ, ಲಾರಿ ಇಲ್ಲ, ಮದುವೆ ಮನೆಯೂ ಇಲ್ಲ. ನಾವು ತಿಂದು ಸಾಕಾಗಿ ದನಕ್ಕೆ ಹಾಕಿದೆವು. ಕೊನೆಕೊನೆಗೆ ಮಂಗಗಳೂ ಮೂಸಿ ನೋಡಿ ಬಿಟ್ಟು ಹೋಗುತ್ತಿದ್ದವು. ಮಜಾ ಏನೆಂದರೆ, ಶಿವಮೊಗ್ಗ ಜಿಲ್ಲೆಯಲ್ಲಿ ಆ ವರ್ಷ ಮೇ 10ರವರೆಗೆ ಒಂದೇ ಒಂದು ಕೊರೊನಾ ಪ್ರಕರಣ ಇರಲಿಲ್ಲ. ರೋಗಕ್ಕಿಂತ ಮೊದಲೇ ನಷ್ಟ ಊರಿಗೆ ಬಂದು ಕೂತಿತ್ತು.

ಮೇ ತಿಂಗಳಲ್ಲಿ ಸರ್ಕಾರ ಪರಿಹಾರ ಘೋಷಿಸಿತು. ಹೂವು ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ. ಆಮೇಲೆ ಕೆಲವು ತರಕಾರಿ, ಹಣ್ಣಿನ ಬೆಳೆಗಾರರಿಗೆ ಹೆಕ್ಟೇರಿಗೆ 15,000. ಎರಡಕ್ಕೂ ಒಂದು ಹೆಕ್ಟೇರಿನ ಮಿತಿ. ಅದರ ಹಿಂದೆಯೇ ಮೆಕ್ಕೆಜೋಳ ಬೆಳೆದವರಿಗೆ ತಲಾ 5,000. ಕೋಳಿ ತಿಂದರೆ ಕೊರೊನಾ ಬರುತ್ತದೆ ಎಂಬ ಗಾಳಿಸುದ್ದಿಗೆ ಕೋಳಿ ಫಾರಂಗಳು ಮುಚ್ಚಿ, ಮೆಕ್ಕೆಜೋಳ ಕೇಳುವವರೇ ಇರಲಿಲ್ಲ ಅಲ್ವಾ? ಶಿಕಾರಿಪುರ, ಸೊರಬದ ಕಡೆಯವರಿಗೆ ಇದು ಚೆನ್ನಾಗಿ ನೆನಪಿರುತ್ತದೆ. 2021ರ ಎರಡನೇ ಅಲೆಯಲ್ಲಿ ಮತ್ತೊಂದು ಪ್ಯಾಕೇಜ್ ಬಂತು. ಆಗ ಹೂವಿಗೂ, ಹಣ್ಣು ತರಕಾರಿಗೂ ಹೆಕ್ಟೇರಿಗೆ 10,000.

ನಮ್ಮ ಮನೆಗೆ ಎರಡು ಸಲವೂ ಒಂದು ರೂಪಾಯಿ ಬರಲಿಲ್ಲ. ಕಾರಣ ಹುಡುಕುತ್ತಾ ಹೋದಾಗ ಗೊತ್ತಾಯಿತು: ಯಾರ ಜಮೀನಿನಲ್ಲಿ ಯಾವ ಬೆಳೆ ಇದೆ ಎಂದು ಸರ್ಕಾರ ದಾಖಲಿಸುವ ಬೆಳೆ ಸಮೀಕ್ಷೆಯಲ್ಲಿ ನಮ್ಮ ತೋಟಕ್ಕೆ 'ಅಡಿಕೆ' ಎಂದಷ್ಟೇ ಇತ್ತು. ಸರ್ಕಾರದ ಲೆಕ್ಕದಲ್ಲಿ ನಾವು ಬಾಳೆ ಬೆಳೆದೇ ಇರಲಿಲ್ಲ. ಅಲ್ಲಿಂದ ಶುರುವಾದದ್ದು ನನ್ನ ಈ ಕಾಗದದ ಹುಚ್ಚು. ಈಗ ಅಕ್ಕಪಕ್ಕದ ಮನೆಯವರೂ ಪಹಣಿ (ಜಮೀನು ಯಾರದು, ಬೆಳೆ ಯಾವುದು ಎಂಬ ಕಂದಾಯ ದಾಖಲೆ) ಹಿಡಿದುಕೊಂಡು ಬರುತ್ತಾರೆ.

ಕೊರೊನಾ ಪರಿಹಾರ ಮುಗಿದ ಕಥೆ, ಅದಕ್ಕೆ ಈಗ ಅರ್ಜಿ ಇಲ್ಲ. ಆದರೆ ಹಣ ಬರುವ ದಾರಿ ಮಾತ್ರ ಅದೇ: ಪಹಣಿ, ರೈತರ ನೋಂದಣಿ, ಬೆಳೆ ಸಮೀಕ್ಷೆ, ಬ್ಯಾಂಕ್ ಖಾತೆ. 2024ರ ಆರಂಭದಲ್ಲಿ ಬರ ಪರಿಹಾರದ ಮೊದಲ ಕಂತಾಗಿ 2,000 ರೂಪಾಯಿವರೆಗೆ ಬಂದದ್ದೂ ಇದೇ ದಾರಿಯಲ್ಲಿ. ನಾಳೆ ಅತಿವೃಷ್ಟಿಗೆ ಕೊಟ್ಟರೂ ಇಲ್ಲಿಂದಲೇ ಬರಬೇಕು. ಘೋಷಣೆಯಾದ ಮೇಲೆ ಓಡಾಡಿದರೆ ತಡವಾಗುತ್ತದೆ. ಮೆಕ್ಕೆಜೋಳದ 5,000 ಕೊಟ್ಟದ್ದು 2020ರಲ್ಲಿ, ಆದರೆ ನೋಡಿದ್ದು 2019ರ ಮುಂಗಾರಿನ ದಾಖಲೆ. ಅಂದರೆ ಯಾರಿಗೆ ಸಿಗಬೇಕು ಎಂಬುದು ರೋಗ ಹುಟ್ಟುವ ಮೊದಲೇ ಬರೆದಾಗಿತ್ತು.

ಮೊದಲು ಪಹಣಿ ತೆಗೆದು ಕೂತು ಓದಿ

ನಾಡಕಚೇರಿಗೆ ಹೋಗಿ ಈ ವರ್ಷದ ಪಹಣಿ ತೆಗೆಸಿ. ಭೂಮಿ ವೆಬ್‌ಸೈಟಿನಲ್ಲೂ ನೋಡಬಹುದು. ಹೆಚ್ಚಿನವರು ಪಹಣಿ ತೆಗೆಸುವುದು ಸೊಸೈಟಿ ಸಾಲಕ್ಕೆ. ಅಲ್ಲಿ ಕೊಟ್ಟು ಬರುತ್ತಾರೆ, ಓದುವುದಿಲ್ಲ. ನೀವು ಮೂರು ಕಾಲಂ ನೋಡಿ ಸಾಕು.

9ನೇ ಕಾಲಂನಲ್ಲಿ ಯಾರ ಹೆಸರಿದೆ, ಅವರ ಹೆಸರಿನ ಮುಂದೆ ಎಷ್ಟು ಎಕರೆ, ಎಷ್ಟು ಗುಂಟೆ ಇದೆ. 11ರಲ್ಲಿ ಸಾಲ, ತಕರಾರು ಏನಾದರೂ ಬರೆದಿದೆಯಾ. 12ರಲ್ಲಿ ಸಾಗುವಳಿ ಯಾರದು, ಬೆಳೆ ಯಾವುದು.

9ನೇ ಕಾಲಂನಲ್ಲಿ ತೀರಿಕೊಂಡ ಅಜ್ಜನ ಹೆಸರೇ ಇದ್ದರೆ ಮುಂದಿನ ಯಾವ ಹೆಜ್ಜೆಯೂ ಸಾಗುವುದಿಲ್ಲ. ಅಜ್ಜನಿಗೆ ಆಧಾರ್ ಇಲ್ಲ, ಬ್ಯಾಂಕ್ ಖಾತೆ ಇಲ್ಲ. ಹಣ ಯಾರಿಗೆ ಹಾಕಬೇಕು? ಮೊದಲು ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಮಾಡಿಸಿ. ಮರಣ ಪ್ರಮಾಣಪತ್ರ, ವಂಶವೃಕ್ಷ, ವಾರಸುದಾರರ ಆಧಾರ್ ಇಟ್ಟು ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ಇದು ಪಾಲುಪಟ್ಟಿ ಅಲ್ಲ, ಜಮೀನು ಹರಿದು ಹಂಚುವುದೂ ಇಲ್ಲ. ವಾರಸುದಾರರೆಲ್ಲರ ಹೆಸರು ಜಂಟಿಯಾಗಿ ಕೂರುತ್ತದೆ, ಅಷ್ಟೇ. ನಮ್ಮ ಕಡೆ ಇದನ್ನು ಮುಂದೂಡುವುದಕ್ಕೆ ನಿಜವಾದ ಕಾರಣ ಕಾಗದವಲ್ಲ. ಬೆಂಗಳೂರಲ್ಲಿರುವ ಅಣ್ಣನ ಹತ್ತಿರ, ಮದುವೆಯಾಗಿ ಹೋದ ಅತ್ತೆಯ ಹತ್ತಿರ ಈ ಮಾತು ತೆಗೆಯಲು ಸಂಕೋಚ. ದೀಪಾವಳಿಗೆ ಎಲ್ಲರೂ ಮನೆಗೆ ಬಂದಾಗ, ಊಟ ಆದ ಮೇಲೆ, ಕವಳ ಹಾಕುವ ಹೊತ್ತಿಗೆ ಹೇಳಿಬಿಡಿ.

ಜಂಟಿ ಖಾತೆಯಲ್ಲಿ ಇನ್ನೊಂದು ತೊಡಕು. ಐದು ಜನರ ಹೆಸರಿದ್ದು, ತೋಟ ನೋಡಿಕೊಳ್ಳುವವರು ಒಬ್ಬರೇ ಆದರೆ ಇಡೀ ಜಮೀನಿನ ಪರಿಹಾರ ಅವರಿಗೆ ಬರುವುದು ಕಷ್ಟ. ಈ ತೊಡಕು ಖಾಯಂ ಆಗಿ ಬಗೆಹರಿಯಬೇಕಿದ್ದರೆ 11ಇ ನಕ್ಷೆ (ಪಾಲಿಗೆ ಮೊದಲು ಬೇಕಾಗುವ ಅಳತೆ ನಕ್ಷೆ) ಮಾಡಿಸಿ, ಪಾಲಾಗಿ, ಪೋಡಿ (ಒಬ್ಬೊಬ್ಬರ ಪಾಲಿಗೆ ಬೇರೆ ಸರ್ವೆ ನಂಬರ್) ಆಗಬೇಕು. ಅದು ವರ್ಷಗಟ್ಟಲೆ ಹಿಡಿಯುವ ಕೆಲಸ. ಹಾಗಂತ ಶುರು ಮಾಡದೇ ಇರಬೇಡಿ.

ಎರಡನೆಯದು ಎಫ್‌ಐಡಿ

ರೈತರ ವಿವರವೆಲ್ಲ ಒಂದೇ ಕಡೆ ಇಡುವ ಸರ್ಕಾರದ ತಂತ್ರಾಂಶಕ್ಕೆ 'ಫ್ರೂಟ್ಸ್' ಎಂದು ಹೆಸರು. ಹಣ್ಣಿಗೂ ಅದಕ್ಕೂ ಸಂಬಂಧವಿಲ್ಲ! ಅದರಲ್ಲಿ ನೋಂದಣಿ ಆದರೆ ಸಿಗುವ ನಂಬರೇ ಎಫ್‌ಐಡಿ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲೋ ತೋಟಗಾರಿಕೆ ಇಲಾಖೆಯಲ್ಲೋ ಮಾಡಿಸಬಹುದು. ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್, ಫೋಟೊ ಒಯ್ಯಿರಿ. ಪರಿಶಿಷ್ಟ ಜಾತಿ, ಪಂಗಡದವರಾದರೆ ಜಾತಿ ಪ್ರಮಾಣಪತ್ರವೂ ಜೊತೆಗಿರಲಿ.

"ನಂದು ಆಗಿದೆ ಮಾರಾಯ, ಕಿಸಾನ್ ಸಮ್ಮಾನ್ ದುಡ್ಡು ಬರ್ತದಲ್ಲ" ಎಂದು ಬಹಳ ಜನ ಹೇಳುತ್ತಾರೆ. ಎಡವುವುದು ಇಲ್ಲೇ. ಕಿಸಾನ್ ಸಮ್ಮಾನ್ ಎಲ್ಲರಿಗೂ ಒಂದೇ ಮೊತ್ತ, ವರ್ಷಕ್ಕೆ 6,000. ಜಮೀನು ಎಷ್ಟಿದ್ದರೂ ಅಷ್ಟೇ. ಹಾಗಾಗಿ ಒಂದೇ ಸರ್ವೆ ನಂಬರ್ ಸೇರಿಸಿ ನೋಂದಣಿ ಮುಗಿಸಿದವರು ತುಂಬಾ ಇದ್ದಾರೆ. ಬೆಳೆ ಪರಿಹಾರ ಹಾಗಲ್ಲ. ಅದು ವಿಸ್ತೀರ್ಣದ ಲೆಕ್ಕ. ಮನೆ ಹತ್ತಿರದ 20 ಗುಂಟೆ ತೋಟ ಎಫ್‌ಐಡಿಯಲ್ಲಿದ್ದು, ಹೊಳೆಯಾಚೆಯ ಒಂದೂವರೆ ಎಕರೆ ಗದ್ದೆ ಬಿಟ್ಟುಹೋಗಿದ್ದರೆ, ಗದ್ದೆ ಮುಳುಗಿದಾಗ ಏನೂ ಬರುವುದಿಲ್ಲ. ರೈತ ಸಂಪರ್ಕ ಕೇಂದ್ರದಲ್ಲಿ "ನನ್ನ ಎಫ್‌ಐಡಿಯಲ್ಲಿ ಯಾವ್ಯಾವ ಸರ್ವೆ ನಂಬರ್ ಇದೆ, ತೋರಿಸಿ" ಎಂದು ಕೇಳಿ. ನಿಮ್ಮ ಪಹಣಿಗಳನ್ನು ಪಕ್ಕದಲ್ಲಿಟ್ಟು ಒಂದೊಂದಾಗಿ ಟಿಕ್ ಹಾಕಿ. ಬೇರೆ ತಾಲ್ಲೂಕಿನ ಜಮೀನನ್ನೂ ಇದೇ ನಂಬರಿಗೆ ಸೇರಿಸಬಹುದು. ಜಮೀನು ಕೊಂಡಾಗ, ಪಾಲಾದಾಗ ಮತ್ತೆ ಹೋಗಿ ತಿದ್ದಿಸಬೇಕು.

ಇದರ ಜೊತೆಗೆ ಪಹಣಿಗೆ ಆಧಾರ್ ಜೋಡಣೆ ಆಗಿದೆಯಾ ನೋಡಿ. ಗ್ರಾಮ ಆಡಳಿತಾಧಿಕಾರಿ ಮಾಡಿಕೊಡುತ್ತಾರೆ. ಅದೇ, ನಾವು ಇನ್ನೂ 'ಶಾನುಭೋಗರು' ಎಂದೇ ಕರೆಯುತ್ತೇವಲ್ಲ, ಅವರು.

ಬೆಳೆ ಸಮೀಕ್ಷೆ: ಇಲ್ಲಿ ಸಮಯ ಕೊಡಿ

ನನ್ನನ್ನು ಕೇಳಿದರೆ ಇಡೀ ಪ್ರಕ್ರಿಯೆಯಲ್ಲಿ ಇದೇ ಮುಖ್ಯ. ಪಹಣಿ ತಪ್ಪಿದ್ದರೆ ಯಾರಾದರೂ ಹೇಳುತ್ತಾರೆ. ಬ್ಯಾಂಕ್ ತಪ್ಪಿದ್ದರೆ ಹಣ ವಾಪಸ್ ಹೋಗಿ ಗೊತ್ತಾಗುತ್ತದೆ. ಬೆಳೆ ಸಮೀಕ್ಷೆ ತಪ್ಪಿದ್ದರೆ ಏನೂ ಆಗುವುದಿಲ್ಲ. ನಿಮ್ಮ ಹೆಸರು ಪಟ್ಟಿಗೇ ಬರುವುದಿಲ್ಲ, ಅಷ್ಟೇ.

ಮುಂಗಾರು, ಹಿಂಗಾರು, ಬೇಸಿಗೆ ಎಂದು ಸಮೀಕ್ಷೆ ನಡೆಯುತ್ತದೆ. 2020ರ ಮುಂಗಾರಿನಿಂದ ರೈತರೇ ಮೊಬೈಲ್ ಆ್ಯಪ್‌ನಲ್ಲಿ ತಮ್ಮ ಬೆಳೆ ದಾಖಲಿಸಲು ಅವಕಾಶ ಇದೆ. ನಾವು ಮಾಡದಿದ್ದರೆ ಹಳ್ಳಿಗೆ ನೇಮಿಸಿದ ಹುಡುಗರು ಬಂದು ಮಾಡುತ್ತಾರೆ. ಅವರನ್ನು ದೂರುವ ಹಾಗಿಲ್ಲ. ಜುಲೈ ಆಗಸ್ಟಿನ ಮಳೆ, ಉಂಬಳ, ಜಾರುವ ಸಂಕ. ದಿನಕ್ಕೆ ಇಷ್ಟು ಪ್ಲಾಟ್ ಮುಗಿಸಬೇಕೆಂಬ ಒತ್ತಡ ಬೇರೆ. ತೋಟದ ಬಾಯಿಯಲ್ಲಿ ನಿಂತು ಒಂದು ಫೋಟೊ, 'ಅಡಿಕೆ', ಮುಂದಿನ ಮನೆ. ನಮ್ಮ ತೋಟದಲ್ಲಿ ಆದದ್ದು ಇದೇ ಇರಬೇಕು. ಆದರೆ ಮಲೆನಾಡಿನ ತೋಟ ಎಂದರೆ ಬರೀ ಅಡಿಕೆಯಾ? ನಡುವೆ ಬಾಳೆ, ಮರಕ್ಕೆ ಹಬ್ಬಿದ ಕಾಳುಮೆಣಸು, ತಗ್ಗಿನಲ್ಲಿ ಏಲಕ್ಕಿ, ಕೆಲವರಲ್ಲಿ ಕಾಫಿ. ಒಂದೊಂದು ವರ್ಷ ಒಂದೊಂದಕ್ಕೆ ಏಟು ಬೀಳುತ್ತದೆ. ಕೊರೊನಾ ವರ್ಷ ಆ ಪ್ಯಾಕೇಜಿನಲ್ಲಿ ಅಡಿಕೆಗೆ ಏನೂ ಇರಲಿಲ್ಲ, ಬಾಳೆಗೆ ಇತ್ತು.

ಆದ್ದರಿಂದ ಸಾಧ್ಯವಾದರೆ ನೀವೇ ಮಾಡಿ. ಆ ಸಾಲಿನ, ಆ ಹಂಗಾಮಿನ ಆ್ಯಪ್ ಇಳಿಸಿಕೊಳ್ಳಿ. ಪ್ರತಿ ಹಂಗಾಮಿಗೂ ಬೇರೆ ಬರುತ್ತದೆ, ಕಳೆದ ವರ್ಷದ್ದು ನಡೆಯುವುದಿಲ್ಲ. ನೆಟ್‌ವರ್ಕ್ ಸಿಗುವ ಜಾಗದಲ್ಲಿ, ಅದು ಗುಡ್ಡದ ಮೇಲಿನ ಬಸ್ ಸ್ಟ್ಯಾಂಡೇ ಆಗಲಿ, ನಿಮ್ಮ ಸರ್ವೆ ನಂಬರಿನ ವಿವರ ಮೊದಲು ಇಳಿಸಿಕೊಳ್ಳಿ. ಆಮೇಲೆ ತೋಟಕ್ಕೆ ಇಳಿದು ಜಿಪಿಎಸ್ ಆನ್ ಮಾಡಿ ಫೋಟೊ ತೆಗೆಯಿರಿ. ದಟ್ಟ ತೋಟದಲ್ಲಿ ಜಿಪಿಎಸ್ ಎಡವುತ್ತದೆ. ಸ್ವಲ್ಪ ಬಯಲಿರುವ ಕಡೆ, ಆದರೆ ನಿಮ್ಮ ಗಡಿಯ ಒಳಗೇ ನಿಂತು ಎರಡು ನಿಮಿಷ ಕಾಯಿರಿ. ಬೆಳೆ ಕೇಳಿದಾಗ ಮಿಶ್ರ ಬೆಳೆ, ಅಂತರ ಬೆಳೆ ಎಂಬ ಆಯ್ಕೆ ಇರುತ್ತದೆ. ಅಡಿಕೆ ಹಾಕಿ ಮುಗಿಸಬೇಡಿ, ಒಂದೊಂದನ್ನೂ ಸೇರಿಸಿ. ನೀರಾವರಿ ಇದೆಯಾ ಎಂಬ ಪ್ರಶ್ನೆಗೂ ಸರಿಯಾಗಿ ಉತ್ತರಿಸಿ. ಮಳೆಯಾಶ್ರಿತಕ್ಕೂ ನೀರಾವರಿಗೂ ಪರಿಹಾರದ ದರವೇ ಬೇರೆ. ಮತ್ತೆ ನೆಟ್‌ವರ್ಕ್ ಇರುವಲ್ಲಿ ಬಂದು ಅಪ್‌ಲೋಡ್ ಮಾಡಿ. ಇದನ್ನು ಮರೆತು ಫೋಟೊಗಳನ್ನು ಮೊಬೈಲಿನಲ್ಲೇ ಇಟ್ಟುಕೊಂಡು ಕೂತ ಬುದ್ಧಿವಂತರಲ್ಲಿ ನಾನೂ ಒಬ್ಬ.

ಬೇರೆಯವರು ಸಮೀಕ್ಷೆ ಮಾಡಿದ್ದರೆ 'ಬೆಳೆ ದರ್ಶಕ' ಆ್ಯಪ್‌ನಲ್ಲಿ ಏನು ದಾಖಲಾಗಿದೆ ನೋಡಬಹುದು. ಫೋಟೊ ಕೂಡ ಕಾಣಿಸುತ್ತದೆ. ಪಕ್ಕದವರ ಗದ್ದೆಯ ಫೋಟೊ ನಿಮ್ಮ ಸರ್ವೆ ನಂಬರಿನಲ್ಲಿ ಕಂಡರೆ ಆಶ್ಚರ್ಯಪಡಬೇಡಿ. ಅಲ್ಲೇ ಆಕ್ಷೇಪಣೆ ಹಾಕಬಹುದು. ಅದಕ್ಕೆ ಗಡುವು ಇರುತ್ತದೆ, ಗಡುವು ಮುಗಿದ ಮೇಲೆ ಯಾರ ಕಾಲು ಹಿಡಿದರೂ ಪ್ರಯೋಜನವಿಲ್ಲ.

ಅಡಿಕೆ, ಕಾಳುಮೆಣಸಿಗೆ ಹವಾಮಾನ ಆಧಾರಿತ ಬೆಳೆ ವಿಮೆ ಕಟ್ಟುವವರಿಗೂ ಈ ಮಾತು ಅನ್ವಯ. ವಿಮೆಗೆ ಅಡಿಕೆ ಎಂದು ಕಟ್ಟಿ, ಸಮೀಕ್ಷೆಯಲ್ಲಿ ಭತ್ತ ಎಂದಿದ್ದರೆ ಕಟ್ಟಿದ ಕಂತೂ ಸಿಕ್ಕಿಹಾಕಿಕೊಳ್ಳುತ್ತದೆ.

ಬ್ಯಾಂಕ್ ಖಾತೆ: 'ಲಿಂಕ್ ಆಗಿದೆ' ಎಂದರೆ ಸಾಲದು

ನಮ್ಮ ಪಕ್ಕದ ಮನೆಯ ಚಿಕ್ಕಪ್ಪ ಅರ್ಧ ಎಕರೆಯಲ್ಲಿ ಸೇವಂತಿಗೆ ಹಾಕಿದ್ದರು. ಪಟ್ಟಿಯಲ್ಲಿ ಹೆಸರಿತ್ತು, ಹಣ ಜಮಾ ಆಗಿದೆ ಎಂದೂ ತೋರಿಸುತ್ತಿತ್ತು. ಪಾಸ್‌ಬುಕ್‌ನಲ್ಲಿ ಮಾತ್ರ ಇಲ್ಲ. ಎರಡು ತಿಂಗಳು ಇಲಾಖೆಗೆ ಅಲೆದರು. ಕೊನೆಗೆ ನೋಡಿದರೆ, ಗ್ಯಾಸ್ ಸಬ್ಸಿಡಿಗೆಂದು ಹಿಂದೆ ಯಾವಾಗಲೋ ತೆರೆದು ಮರೆತಿದ್ದ ಖಾತೆಗೆ ಹೋಗಿ ಕೂತಿತ್ತು!

ಆಗುವುದು ಹೀಗೆ. ಸರ್ಕಾರ ಹಣ ಹಾಕುವುದು ಖಾತೆ ನಂಬರಿಗಲ್ಲ, ಆಧಾರ್ ನಂಬರಿಗೆ. ಆ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬುದು ಎನ್‌ಪಿಸಿಐ ಎಂಬ ಸಂಸ್ಥೆಯ ಪಟ್ಟಿಯಲ್ಲಿರುತ್ತದೆ. ನಿಮಗೆ ನಾಲ್ಕು ಖಾತೆ ಇದ್ದು ನಾಲ್ಕಕ್ಕೂ ಆಧಾರ್ ಕೊಟ್ಟಿರಬಹುದು. ಆ ಪಟ್ಟಿಯಲ್ಲಿ ಒಂದೇ ಬ್ಯಾಂಕ್ ಇರುತ್ತದೆ, ಸಾಮಾನ್ಯವಾಗಿ ಕೊನೆಗೆ ಜೋಡಿಸಿದ್ದು. ಬ್ಯಾಂಕಿನಲ್ಲಿ "ಆಧಾರ್ ಲಿಂಕ್ ಆಗಿದೆಯಾ" ಎಂದು ಕೇಳಿದರೆ ಹೌದು ಎನ್ನುತ್ತಾರೆ, ಸುಳ್ಳೂ ಅಲ್ಲ. ನೀವು ಕೇಳಬೇಕಾದದ್ದು, "ಎನ್‌ಪಿಸಿಐ ಮ್ಯಾಪಿಂಗ್ ಈ ಖಾತೆಗೇ ಇದೆಯಾ?" ಇಲ್ಲದಿದ್ದರೆ ಅಲ್ಲೇ ಫಾರಂ ತುಂಬಿಕೊಡಿ. ಆಧಾರ್ ವೆಬ್‌ಸೈಟಿನಲ್ಲಿ ನಿಮ್ಮ ಮೊಬೈಲಿಗೆ ಬರುವ ಓಟಿಪಿ ಹಾಕಿಯೂ ಯಾವ ಬ್ಯಾಂಕ್ ಎಂದು ನೋಡಿಕೊಳ್ಳಬಹುದು.

ನಮ್ಮ ಭಾಗದ ಹಳಬರ ಖಾತೆಗಳು ಹೆಚ್ಚಾಗಿ ಇದ್ದದ್ದು ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್ ಬ್ಯಾಂಕುಗಳಲ್ಲಿ. ವಿಜಯಾ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ ಸೇರಿದ್ದು 2020ರ ಏಪ್ರಿಲ್ 1ರಂದು, ಲಾಕ್‌ಡೌನ್ ನಡುವೆಯೇ. ಹಳೇ ಪಾಸ್‌ಬುಕ್ ಇಟ್ಟುಕೊಂಡೇ ಕೂತಿದ್ದರೆ ಒಮ್ಮೆ ಹೋಗಿ ಹೊಸದು ಮಾಡಿಸಿ. ವರ್ಷಗಟ್ಟಲೆ ವ್ಯವಹಾರವಿಲ್ಲದೆ ಖಾತೆ ಸ್ತಬ್ಧವಾಗಿದ್ದರೆ ಬ್ಯಾಂಕಿಗೆ ಹೋಗಿ ಗುರುತಿನ ದಾಖಲೆ ಕೊಟ್ಟು ಜೀವ ಕೊಡಿ. ಹೆಸರು ಪಹಣಿಯಲ್ಲಿ 'ತಿಮ್ಮಪ್ಪ ಬಿನ್ ಮಂಜಪ್ಪ', ಆಧಾರ್‌ನಲ್ಲಿ 'ತಿಮ್ಮಪ್ಪ ಎಂ' ಎಂದಿದ್ದರೆ ತಲೆನೋವು. ಆಧಾರ್ ತಿದ್ದುವುದು ಪಹಣಿ ತಿದ್ದುವುದಕ್ಕಿಂತ ಸುಲಭ, ಅಲ್ಲಿಂದ ಶುರು ಮಾಡಿ.

ಎಷ್ಟು ಬರಬಹುದು? ಲೆಕ್ಕ ನೀವೇ ಹಾಕಿ

ಸರ್ಕಾರ ಹೆಕ್ಟೇರಿನಲ್ಲಿ ಮಾತಾಡುತ್ತದೆ, ನಮ್ಮದು ಗುಂಟೆಯ ಬದುಕು. ಒಂದು ಹೆಕ್ಟೇರ್ ಎಂದರೆ ಹೆಚ್ಚುಕಡಿಮೆ 2 ಎಕರೆ 19 ಗುಂಟೆ. 2020ರಲ್ಲಿ ಹೂವಿಗೆ 25,000 ಎಂದಾಗ ಊರಲ್ಲಿ ಎಲ್ಲರೂ ಹುಬ್ಬೇರಿಸಿದರು. ಚಿಕ್ಕಪ್ಪನ ಅರ್ಧ ಎಕರೆಗೆ ಬಂದದ್ದು 5,000 ಚಿಲ್ಲರೆ. ಈ ಲೆಕ್ಕ ಮೊದಲೇ ಗೊತ್ತಿದ್ದರೆ "ನಡುವೆ ಯಾರೋ ತಿಂದರು" ಎಂಬ ಜಗಳ ಕಮ್ಮಿಯಾಗುತ್ತದೆ.

ಪ್ರಕೃತಿ ವಿಕೋಪಕ್ಕೆ ಕೇಂದ್ರದ 2022ರಿಂದ 2026ರವರೆಗಿನ ಮಾರ್ಗಸೂಚಿಯಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ಅಡಿಕೆಯಂಥ ಬಹುವಾರ್ಷಿಕ ಬೆಳೆಗೆ 22,500. ಎರಡು ಹೆಕ್ಟೇರ್ ಮಿತಿ. ಬೆಳೆ ಕನಿಷ್ಠ 33% ಹಾಳಾಗಿರಬೇಕು. ಒಂದು ಎಕರೆ ಅಡಿಕೆ ತೋಟಕ್ಕೆ ಸುಮಾರು 9,100 ಆಯಿತು. ಒಂದೆರಡು ಸಲ ಔಷಧಿ ಹೊಡೆಸಿದರೆ ಖಾಲಿ. ರಾಜ್ಯ ಸರ್ಕಾರ ಕೆಲವೊಮ್ಮೆ ಇದರ ಮೇಲೆ ತನ್ನ ಪಾಲು ಸೇರಿಸುತ್ತದೆ, ಸೇರಿಸಲೇಬೇಕೆಂದಿಲ್ಲ.

ಹಾನಿಯಾದ ದಿನವೇ ಫೋಟೊ ತೆಗೆದಿಡಿ. ಗದ್ದೆಯ ನೀರು ಎರಡು ದಿನಕ್ಕೆ ಇಳಿಯುತ್ತದೆ, ನೋಡಲು ಬರುವವರು ಹತ್ತು ದಿನಕ್ಕೆ ಬರುತ್ತಾರೆ. ಗ್ರಾಮ ಆಡಳಿತಾಧಿಕಾರಿಗೆ ಬರೆದೇ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಬಾಯಿಮಾತಿಗೆ ಸ್ವೀಕೃತಿ ಇರುವುದಿಲ್ಲ.

ಪಹಣಿಯೇ ಇಲ್ಲದವರು, ಗೇಣಿಗೆ ಮಾಡುವವರು

ಮೇಲೆ ಹೇಳಿದ್ದೆಲ್ಲ ಪಹಣಿ ಇದ್ದವರ ಮಾತು. ಮಲೆನಾಡಿನಲ್ಲಿ ತೋಟ ಇದ್ದೂ ಪಹಣಿ ಇಲ್ಲದವರು ಎಷ್ಟು ಜನ! ಬಗರ್ ಹುಕುಂ (ಮಂಜೂರಾತಿ ಇಲ್ಲದೆ ಸರ್ಕಾರಿ ಜಮೀನಿನ ಸಾಗುವಳಿ), ಅರಣ್ಯದ ಅಂಚಿನ ಒತ್ತುವರಿ, ಶರಾವತಿ ಅಣೆಕಟ್ಟಿನ ಮುಳುಗಡೆಯಿಂದ ಎದ್ದು ಬಂದು ಇನ್ನೂ ಹಕ್ಕುಪತ್ರಕ್ಕೆ ಕಾಯುತ್ತಿರುವ ಕುಟುಂಬಗಳು. ಅವರ ಬಾಳೆಯೂ ಅದೇ ಏಪ್ರಿಲ್‌ನಲ್ಲಿ ಕೊಳೆಯಿತು. ಆದರೆ ಎಫ್‌ಐಡಿಗೆ ಸೇರಿಸಲು ಸರ್ವೆ ನಂಬರೇ ಅವರ ಹೆಸರಿನಲ್ಲಿಲ್ಲ. ಇದಕ್ಕೆ ಸುಲಭದ ದಾರಿ ಇದೆ ಎಂದು ಹೇಳಿದರೆ ಮೋಸವಾಗುತ್ತದೆ. ಬಗರ್ ಹುಕುಂ ಸಕ್ರಮಕ್ಕೆ ನಮೂನೆ 50, 53, 57ರಲ್ಲಿ ಅರ್ಜಿ ಕೊಟ್ಟಿದ್ದರೆ ಸ್ವೀಕೃತಿ ಜೋಪಾನ ಮಾಡಿ, ತಾಲ್ಲೂಕು ಕಚೇರಿಯಲ್ಲಿ ಕಡತ ಯಾವ ಹಂತದಲ್ಲಿದೆ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. ಸಾಗುವಳಿ ಚೀಟಿ (ಜಮೀನು ಮಂಜೂರಾದ ಪತ್ರ) ಸಿಕ್ಕಿದ್ದರೆ ಅಲ್ಲಿಗೇ ನಿಲ್ಲಬೇಡಿ. ಖಾತೆಯಾಗಿ ಪಹಣಿಗೆ ಹೆಸರು ಬರುವವರೆಗೆ ಬೆನ್ನು ಹತ್ತಿ. ಚೀಟಿಯನ್ನು ಟ್ರಂಕಿನಲ್ಲಿಟ್ಟು ಹತ್ತು ವರ್ಷ ಸುಮ್ನೆ ಕೂತವರನ್ನು ನಾನು ನೋಡಿದ್ದೇನೆ.

ಇನ್ನು ಶುಂಠಿ, ಅನಾನಸ್ ಹಾಕಲು ಜಮೀನು ವಹಿಸಿಕೊಂಡವರು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದ ನೆಲ ಇದು. ಆಮೇಲೆ 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಗೇಣಿಯನ್ನೇ ರದ್ದು ಮಾಡಿತು. ಆದ್ದರಿಂದ ಈಗಿನ ವ್ಯವಹಾರವೆಲ್ಲ ಬಾಯಿಮಾತಿನದು. ಬೆಳೆ ನಿಮ್ಮದು, ಖರ್ಚು ನಿಮ್ಮದು, ಪರಿಹಾರ ಮಾತ್ರ ಪಹಣಿದಾರರ ಖಾತೆಗೆ. ಜಮೀನು ವಹಿಸಿಕೊಳ್ಳುವ ದಿನವೇ ಇಬ್ಬರಿಗೂ ಬೇಕಾದವರ ಎದುರು ಕೇಳಿಬಿಡಿ: "ಭಾವ, ಪರಿಹಾರ ಅಂತ ಏನಾದ್ರೂ ಬಂದ್ರೆ ಹೆಂಗೆ?" ಬಂದ ಮೇಲೆ ಕೇಳಿದರೆ ಭಾವನ ಉತ್ತರ ಬೇರೆ ಇರುತ್ತದೆ.

ಹಣ ಬರದಿದ್ದರೆ

ಮೊದಲು 'ಡಿಬಿಟಿ ಕರ್ನಾಟಕ' ಆ್ಯಪ್ ನೋಡಿ. ಆಧಾರ್ ಹಾಕಿದರೆ ಯಾವ ಯೋಜನೆಯ ಹಣ, ಯಾವ ದಿನ, ಯಾವ ಬ್ಯಾಂಕಿಗೆ ಎಂದು ತೋರಿಸುತ್ತದೆ. ಕಂದಾಯ ಇಲಾಖೆಯ 'ಪರಿಹಾರ' ವೆಬ್‌ಸೈಟಿನಲ್ಲೂ ಬೆಳೆಹಾನಿ ಹಣದ ಸ್ಥಿತಿ ಸಿಗುತ್ತದೆ. ಅಲ್ಲಿ ಹೆಸರೇ ಇಲ್ಲದಿದ್ದರೆ ತೊಂದರೆ ಸಮೀಕ್ಷೆ ಅಥವಾ ಎಫ್‌ಐಡಿಯದು: ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ಹೆಸರಿದ್ದು ಹಣ ವಿಫಲ ಎಂದಿದ್ದರೆ ಬ್ಯಾಂಕಿನದು. ಈ ವ್ಯತ್ಯಾಸ ತಿಳಿದುಕೊಂಡು ಹೊರಟರೆ ಅರ್ಧ ಅಲೆದಾಟ ತಪ್ಪುತ್ತದೆ. ಎಲ್ಲೂ ಉತ್ತರ ಸಿಗದಿದ್ದರೆ 1902ಕ್ಕೆ ಕರೆ ಮಾಡಿ ದೂರು ದಾಖಲಿಸಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಕಿಸಾನ್ ಸಮ್ಮಾನ್ ನಿಂತಿದ್ದರೆ ಇ-ಕೆವೈಸಿ (ಆಧಾರ್ ಮೂಲಕ ಗುರುತಿನ ದೃಢೀಕರಣ) ಆಗಿದೆಯಾ ನೋಡಿ. ಅದರ ಸಹಾಯವಾಣಿ 155261.

ಬಂದ ಹಣವನ್ನು ಬ್ಯಾಂಕಿನವರು ಸಾಲಕ್ಕೆ ವಜಾ ಹಾಕಿಕೊಂಡರೆ ಸುಮ್ಮನಿರಬೇಡಿ. 2024ರ ಬರ ಪರಿಹಾರದ ಸಮಯದಲ್ಲಿ ಹಾಗೆ ಮಾಡಬಾರದೆಂದು ಸರ್ಕಾರವೇ ಸೂಚನೆ ಕೊಟ್ಟಿತ್ತು. ಮ್ಯಾನೇಜರಿಗೆ ಬರೆದು ಕೊಡಿ, ಒಂದು ಪ್ರತಿ ತಹಶೀಲ್ದಾರರಿಗೆ.

ವಾಟ್ಸಾಪಿನಲ್ಲಿ 'ಪರಿಹಾರ ಪಡೆಯಲು ಇಲ್ಲಿ ಒತ್ತಿ' ಎಂದು ಬಂದರೆ ಒತ್ತಬೇಡಿ. ಯಾವ ಪರಿಹಾರಕ್ಕೂ ಓಟಿಪಿ ಕೇಳಿ ಯಾರೂ ಫೋನ್ ಮಾಡುವುದಿಲ್ಲ. ಹಣ ಹೋಗಿಬಿಟ್ಟಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ.

ನಮ್ಮ ತೋಟದ ಈ ಸಲದ ಸಮೀಕ್ಷೆಯಲ್ಲಿ ಅಡಿಕೆ, ಬಾಳೆ, ಕಾಳುಮೆಣಸು ಮೂರೂ ಬಂದಿವೆ. ಏಲಕ್ಕಿ ಬಿಟ್ಟುಹೋಗಿದೆ. ನಿನ್ನೆ ಆಕ್ಷೇಪಣೆ ಹಾಕಿದ್ದೇನೆ.